ಮೇವು ಹಾಕಿದ ಹೊತ್ತು

ಅತ್ತೆ,

ನೀವು ತೀರಿಹೋಗಿ ಐದು ತಿಂಗಳಾಯಿತು. ನಮ್ಮ ಹಸು ಗೌರಿಗೂ ಕೆಚ್ಚಲು ಬಾವು ಬಂತು. ಅದನ್ನು ಹೇಳುವ ಮುಂಚೆ ಗಂಗೆಯ ವಿಷಯ ಹೇಳಬೇಕು. ನಿಮಗೆ ಗೊತ್ತಿದ್ದದ್ದು ಪೂರ್ತಿಯಲ್ಲ.

ಆ ಬೆಳಿಗ್ಗೆ ಗಂಗೆಯ ಹಿಂದಿನ ಬಲ ಮೊಲೆ ಕಲ್ಲಿನಂತಿತ್ತು. ಹಾಲು ಒಡೆದು ಗಂಟುಗಂಟಾಗಿ ಬಂತು. "ಯಾರ್ ಕಣ್ ಬಿತ್ತೋ" ಎಂದು ನೀವು ಒಣಮೆಣಸಿನಕಾಯಿ ನಿವಾಳಿಸಿದಿರಿ. ದನದ ಡಾಕ್ಟರು ಬಂದು ಹಾಲು ಹೇಗೆ ಕರೆಯುತ್ತೀರಿ ಎಂದು ಕೇಳಿದಾಗ, ನೀವು ಬಾಯಿ ತೆರೆಯುವ ಮೊದಲೇ ನಾನು ಹೇಳಿಬಿಟ್ಟೆ: "ಅತ್ತೆ ಮೊದಲ್ನೇ ಎರಡು ಧಾರೆ ಭೂಮ್ತಾಯಿಗೆ ಅಂತ ನೆಲಕ್ಕೆ ಬಿಡ್ತಾರೆ ಸಾರ್."

"ಸೋಂಕಿದ್ರೆ ಅದೂ ನೆಲಕ್ಕೆ ಬೀಳುತ್ತೆ ಅಜ್ಜಿ. ಹಸು ಅಲ್ಲೇ ಮಲಗುತ್ತೆ. ಅದೂ ಒಂದು ಕಾರಣ ಆಗಿರಬಹುದು."

"ನಿಮ್ಮನೇಲಿ ಪ್ಯಾಕೆಟ್ ಹಾಲಲ್ವೇನಪ್ಪ? ನಿಂಗೇನ್ ಗೊತ್ತು?" ಎಂದಿರಿ. ಅವರು ನಕ್ಕರು.

ಸಂಜೆ ನಿಮ್ಮ ಮಗನಿಗೆ ಹೇಳುವಾಗ 'ಆಗಿರಬಹುದು' ಎಂಬುದು ಬಿಟ್ಟುಹೋಯಿತು. ಅದರಿಂದಲೇ ಅಂತೆ, ಎಂದೆ. ಬಿಟ್ಟುಹೋಯಿತೇ, ಬಿಟ್ಟೆನೇ? ಅವರು ನಿಮ್ಮನ್ನು ಹಂಗಿಸಿದರು: "ಸರಿಯಾಗ್ ಕೊಟ್ಯಲ್ಲಮ್ಮ ಭೂಮ್ತಾಯ್ಗೆ! ಒಂದ್ ಮೊಲೇನೇ ಕೊಟ್ಬಿಟ್ಟೆ."

ಆ ಮೊಲೆ ಬತ್ತಿತು. ನೀವು ಮತ್ತೆ ಹಾಲು ಕರೆಯಲು ಕೂರಲಿಲ್ಲ. ಪಕ್ಕದ ಮನೆಯ ಜಯಮ್ಮ ಯಾಕೆಂದು ಕೇಳಿದಾಗ, "ನನ್ ಕೈ ನೆಟ್ಗಿಲ್ಲ ಕಣವ್ವ, ಅದ್ಕೇ ಇಂಗ್ ಕುಂತಿವ್ನಿ" ಎಂದಿರಿ. ನಾನು ಒಳಗೆ ಡಬ್ಬಿ ಕಟ್ಟುತ್ತಿದ್ದೆ. ಕೇಳಿಸಿತು. ಹೊರಗೆ ಬಂದು ಒಂದು ಮಾತು...

ಗಂಗೆಗೆ ಬಾವು ಬರುವ ಮುಂಚೆ, ನನ್ನನ್ನು ಕೆಲಸಕ್ಕೆ ಕರೆದೊಯ್ಯುವ ಪೀಣ್ಯದ ಕಂಪನಿಯ ವ್ಯಾನು ಮಾಕಳಿ ಸ್ಟಾಪಿಗೆ ಆರೂವರೆಗೇ ಬರತೊಡಗಿದ ದಿನಗಳು ನಿಮಗೆ ನೆನಪಿವೆಯೇ? ಮೇವು ಹಾಕುವುದು ನನ್ನ ಕೆಲಸ. ನೀವು ಕರೆದು ಮುಗಿಸುವವರೆಗೆ ಕಾಯಲಾಗದೆ ಮೊದಲೇ ಹಾಕಿ ಹೊರಡತೊಡಗಿದೆ. "ಕರ್ದ್ ಮ್ಯಾಕೆ ಹಾಕವ್ವ" ಎಂದು ನೀವು ಎರಡು ಸಲ ಹೇಳಿದಿರಿ. "ವ್ಯಾನ್ ಹೋಗ್ಬಿಡುತ್ತೆ ಅತ್ತೆ" ಎಂದೆ. ಯಾಕೆ ಎಂದು ನೀವು ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ಹೋದ ಭಾನುವಾರ ಅದೇ ಡಾಕ್ಟರು ಗೌರಿಯನ್ನು ನೋಡಿದರು. ಈಗ ಕರೆಯುವುದು ನಿಮ್ಮ ಮಗ. ನೆಲಕ್ಕೆ ಒಂದು ಹನಿ ಬಿಡುವುದಿಲ್ಲ. ಆದರೂ ಬಂದಿದೆ.

"ಮೇವು ಯಾವಾಗ ಹಾಕ್ತೀರಾ?" ಎಂದು ಕೇಳಿದರು. "ಕರೆದ್ಮೇಲೆ ಅರ್ಧ ಗಂಟೆಯಾದ್ರೂ ಮೊಲೆ ಬಾಯಿ ತೆರೆದೇ ಇರುತ್ತೆ. ಆಗ ಮೇವು ಹಾಕಿದ್ರೆ ಹಸು ನಿಂತಿರುತ್ತೆ. ಮುಂಚೇನೇ ತಿಂದಿದ್ರೆ ಸಗಣೀಲೇ ಮಲಗ್ಬಿಡುತ್ತೆ, ಸೋಂಕು ಒಳಗೆ ಹೋಗುತ್ತೆ."

"ಮುಂಚೆ ಹಾಕೋದು ನಾನು ಸಾರ್," ಎಂದೆ. "ಗಂಗೆಗೆ ಬರೋಕೆ ಮೊದ್ಲಿಂದಾನೂ. ಅತ್ತೆ ಬೇಡ ಅಂದಿದ್ರು."

ನಿಮ್ಮ ಮಗ ಹಗ್ಗ ಹಿಡಿದು ನಿಂತಿದ್ದರು. "ಹಂಗಾದ್ರೆ ಅಮ್ಮ ಅಷ್ಟ್ ದಿನ..." ಎಂದು ನಿಲ್ಲಿಸಿದರು. ಹೌದು, ಎಂದೆ. ಅಳು ಬರಲಿಲ್ಲ. ಈಗಲೂ ಬಂದಿಲ್ಲ.

ಜಯಮ್ಮನಿಗೆ ಇನ್ನೂ ಗೊತ್ತಿಲ್ಲ. ನಿಮ್ಮ ಕೈಯಲ್ಲಿ ಏನೂ ತಪ್ಪಿರಲಿಲ್ಲ ಎಂದು ನಾಳೆ ನಾನೇ ಅವರ ಮನೆಗೆ ಹೋಗಿ ಹೇಳುತ್ತೇನೆ.