ಮಿಸ್ಡ್ ಕಾಲ್ ಕೊಟ್ಟ ಹೆಂಗಸು

ಚಿತ್ರದುರ್ಗ
22 ಮಾರ್ಚ್ 2009, ಭಾನುವಾರ

ಅವ್ವಾ,

ನಿನ್ನ ಕಾಲಿಗೆ ಇಲ್ಲಿಂದಲೇ ಬಿದ್ದಿದ್ದೇನೆ ಎಂದು ತಿಳಿದುಕೊಂಡು ಈ ಕಾಗದ ಓದು. ತಂದುಕೊಟ್ಟವಳು ನನ್ನ ಜೊತೆ ಓದುವ ಸ್ವಾತಿ, ಹಿರಿಯೂರಿನವಳು. ಅಂಚೆಗೆ ಹಾಕಿದರೆ ಅಪ್ಪನ ಕೈಗೆ ಸಿಗುತ್ತದೆ. ಫೋನ್ ಮಾಡಿದರೆ ಅಪ್ಪನೇ ಎತ್ತುತ್ತಾನೆ, ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತಾನೆ. ಅವನು ತೆಂಗಿನಕಾಯಿ ಕೀಳಲು ತೋಟಕ್ಕೆ ಹೋದಮೇಲೆ ಬಾ ಎಂದು ಸ್ವಾತಿಗೆ ಹೇಳಿದ್ದೇನೆ. ಬಿಸಿಲಲ್ಲಿ ಬಂದಿದ್ದಾಳೆ, ಮಜ್ಜಿಗೆ ಕೊಡು. ಆಮೇಲೆ ಹಿತ್ತಲಿಗೆ ಹೋಗಿ ಓದು.

ನಾಳೆ ಸೋಮವಾರ. ನಾಳೆ ನಮ್ಮ ಶಾಲಿನಿಯ ಮದುವೆ ಆಗಬೇಕಿತ್ತು. ಅದೇ ಒಂದು ಮಾತು ಬೆಳಗಿನಿಂದ ತಲೆಯಲ್ಲಿ ಓಡಾಡುತ್ತಿದೆ. ಪುಸ್ತಕ ತೆರೆದರೆ ಅಕ್ಷರ ನಿಲ್ಲುವುದಿಲ್ಲ. ಬಟ್ಟೆ ಒಗೆಯಲು ಕೂತವಳು ಅರ್ಧಕ್ಕೇ ಎದ್ದು ಬಂದೆ. ಹಾಸ್ಟೆಲಿನ ಹುಡುಗಿಯರು, ಏನೇ ಉಷಾ, ಬೋನಿಗೆ ಹಾಕಿದ ಕರಡಿ ಥರ ತಿರುಗ್ತಿದೀಯಲ್ಲ ಎಂದು ನಗುತ್ತಾರೆ. ನಿಂತಿದೆ ಎಂದು ಎಲ್ಲರೂ ಹೇಳುತ್ತಿರುವ ಮದುವೆ ನಿಜವಾಗಿ ನಿಂತಿದೆಯೋ ಇಲ್ಲವೋ ಎಂಬುದು ನನಗಿನ್ನೂ ತಿಳಿಯದು.

ಏನು ನಡೆಯಿತೆಂದು ನಿನಗೆ ಯಾರೂ ನೆಟ್ಟಗೆ ಹೇಳಿರಲಾರರು. ಅಪ್ಪ ಹೇಳಿದ್ದು ಸಿಟ್ಟಿನಲ್ಲಿ, ಊರವರು ಹೇಳಿದ್ದು ಚಪಲಕ್ಕೆ. ಅದಕ್ಕೇ ಮೊದಲಿನಿಂದ ಬರೆಯುತ್ತೇನೆ.

ನಮ್ಮ ಕಾಲೇಜಿನಲ್ಲಿ ಒಂದು ಸ್ಪರ್ಧೆ ಇಟ್ಟಿದ್ದರು. ಹ್ಯಾಕಥಾನ್ ಅಂತ ಅದರ ಹೆಸರು. ಎರಡು ದಿನ ಒಂದೇ ಕಡೆ ಕೂತು, ನಮ್ಮ ಸುತ್ತಲಿನ ಯಾವುದಾದರೂ ಒಂದು ಕಷ್ಟಕ್ಕೆ ಕಂಪ್ಯೂಟರಿನಿಂದಲೋ ಯಂತ್ರದಿಂದಲೋ ಪರಿಹಾರ ಮಾಡಿ ತೋರಿಸಬೇಕು. ಒಂದು ತಂಡ ಬೋರ್‌ವೆಲ್ ನೀರಿನ ಫ್ಲೋರೈಡ್ ಅಳೆಯಲು ಹೊರಟಿತು. ಹೊಳಲ್ಕೆರೆ ಕಡೆಯ ಹುಡುಗರು ಕಲ್ಲು ಒಡೆಯುವ ಕ್ರಷರ್ ಧೂಳಿನ ಹಿಂದೆ ಬಿದ್ದರು. ನಮ್ಮದು ಮೂವರ ತಂಡ: ನಾನು, ಸ್ವಾತಿ, ಚೇತನ್‌ಕುಮಾರ್. ನಾವು ಹಿಡಿದದ್ದು ಬಾಲ್ಯವಿವಾಹ.

ಉಪಾಯ ಸ್ವಾತಿಯದು. ದೂರು ಕೊಡಲು ಹೆಂಗಸರಿಗೆ ಓದು ಬರಹ ಬೇಡ, ಫೋನಿನಲ್ಲಿ ಕರೆನ್ಸಿಯೂ ಬೇಡ. ನಮ್ಮ ನಂಬರಿಗೆ ಒಂದು ಮಿಸ್ಡ್ ಕಾಲ್ ಕೊಟ್ಟರೆ ಸಾಕು. ಕಂಪ್ಯೂಟರ್ ತಾನೇ ತಿರುಗಿ ಫೋನ್ ಮಾಡುತ್ತದೆ. ಊರು ಯಾವುದು, ಹುಡುಗಿ ಯಾರು, ಮದುವೆ ಎಂದು ಅಂತ ಕೇಳಿ, ಅವರು ಆಡಿದ ಮಾತನ್ನು ಹಿಡಿದಿಟ್ಟುಕೊಳ್ಳುತ್ತದೆ. ಪ್ರಶ್ನೆ ಕೇಳುವ ದನಿ ನನ್ನದೇ. ಸ್ಪರ್ಧೆಯ ಹೊತ್ತಿಗೆ ಒಂದೆರಡು ನಿಜವಾದ ಕರೆಯೂ ಬರಲಿ ಎಂದು ನಂಬರ್ ಇರುವ ಚೀಟಿಗಳನ್ನು ಮೊದಲೇ ಅಂಗನವಾಡಿಗಳಿಗೆ ಹಂಚಿದ್ದೆವು. ನಮ್ಮೂರಿನ ಶಾಂತಕ್ಕನಿಗೂ ಒಂದು ಕಳಿಸಿದ್ದೆ. ಅವಳು ಅದನ್ನು ಅಂಗನವಾಡಿ ಗೋಡೆಗೆ ಅಂಟಿಸಿದ್ದಳಂತೆ.

ನಿಜ ಹೇಳಲೇ ಅವ್ವ? ಆಗ ನನಗೆ ಬಾಲ್ಯವಿವಾಹ ಎಂದರೆ ಬೇರೆ ಯಾರದೋ ಮನೆಯ ಸಂಗತಿ. ಬಹುಮಾನ ಬಂದರೆ ಪೇಪರಿನಲ್ಲಿ ಫೋಟೊ ಹಾಕುತ್ತಾರೆ, ಅಪ್ಪ ಅದನ್ನು ತೋಟದವರಿಗೆಲ್ಲ ತೋರಿಸುತ್ತಾನೆ ಎಂದು ಕನಸು ಕಟ್ಟಿದ್ದೆ.

ಹದಿನಾಲ್ಕನೇ ತಾರೀಖು ಶನಿವಾರ ಮಧ್ಯಾಹ್ನ ತೀರ್ಪು. ಸಭಾಂಗಣ ತುಂಬಿತ್ತು. ಸಿರಿಗೆರೆಯಿಂದಲೂ ಹುಡುಗರು ಬಸ್ಸು ಮಾಡಿಕೊಂಡು ನೋಡಲು ಬಂದಿದ್ದರು. ನಾವು ವೇದಿಕೆಯ ಮೇಲೆ ಎಲ್ಲ ವಿವರಿಸುತ್ತಿರುವಾಗಲೇ ಕಂಪ್ಯೂಟರಿನಲ್ಲಿ ಹೊಸ ಕರೆಯ ಗುರುತು ಬಿತ್ತು. ತೀರ್ಪುಗಾರರಲ್ಲಿ ಒಬ್ಬರು, ಬೆಂಗಳೂರಿನಿಂದ ಬಂದವರು, ಹಾಕ್ರಿ ಕೇಳೋಣ ಎಂದರು. ಚೇತನ್ ಸ್ಪೀಕರಿಗೆ ಹಾಕಿಬಿಟ್ಟ.

ಯಾರೋ ಹೆಂಗಸು. ಸೆರಗನ್ನು ಬಾಯಿಗೆ ಒತ್ತಿಕೊಂಡು ಮಾತಾಡಿದ ಹಾಗಿತ್ತು. ಮೊದಲು ನಮ್ಮೂರಿನ ಹೆಸರು ಹೇಳಿದಳು. ಆಮೇಲೆ ಹೇಳಿದ್ದು ಇದು:

"ಹುಡುಗಿ ಹೆಸ್ರು ಶಾಲಿನಿ. ಒಂಬತ್ನೇ ಕ್ಲಾಸು. ಅವ್ರಪ್ಪ ಕರಿಯಣ್ಣ. ಬರೋ ಸೋಮವಾರದಾಚಿ ಸೋಮವಾರ ಮದಿವಿ ಐತೆ, ಹೊಳಲ್ಕೆರಿ ಕಡೆ ಸೋದರತ್ತಿ ಮಗಂಗೆ. ಹುಡುಗಿಗೆ ಮನಸಿಲ್ಲ, ಉಣ್ಣಾದು ಬಿಟ್ಟು ಕುಂತೈತೆ. ಯಾರಾನ ಬಂದು ನಿಲ್ಲಿಸ್ರಿ. ನನ್ ಹೆಸ್ರು ಮಾತ್ರ ಕೇಳ್ಬ್ಯಾಡ್ರಿ."

ಅಷ್ಟೇ. ಇಡೀ ಸಭಾಂಗಣ ಚಪ್ಪಾಳೆ ತಟ್ಟಿತು ಅವ್ವ! ಅವರೆಲ್ಲ ಅದನ್ನು ನಾವು ಮೊದಲೇ ಮಾತಾಡಿಸಿಟ್ಟುಕೊಂಡ ನಾಟಕ ಎಂದುಕೊಂಡರು. ಆ ಬೆಂಗಳೂರಿನವರು, ತುಂಬಾ ಸಹಜವಾಗಿದೆ, ಯಾರು ಆಡಿದ್ದು ಎಂದು ನಗುತ್ತಾ ಕೇಳಿದರು. ಚೇತನ್ ನನ್ನ ಕಿವಿಯಲ್ಲಿ, ನಮಗೆ ಹೇಳದೆ ಇದನ್ಯಾವಾಗ ಮಾಡ್ಸಿದ್ಯೇ, ಸೂಪರ್ ಎಂದ. ಸ್ವಾತಿ ಮಾತ್ರ ನನ್ನ ಮುಖ ನೋಡಿ ಕೈ ಹಿಡಿದುಕೊಂಡಳು.

ಅತ್ತೆಯ ಮಗ ಚಂದ್ರುವಿಗೆ ಶಾಲಿನಿಯನ್ನು ಕೊಡುವ ಮಾತು ಚಿಕ್ಕಂದಿನಿಂದ ಕೇಳಿದ್ದೆ, ಓದು ಮುಗಿದ ಮೇಲೆ ಎಂದುಕೊಂಡಿದ್ದೆ. ದಿನ ಗೊತ್ತಾಗಿದೆ ಎಂದು ನನಗೆ ಯಾರೂ ಹೇಳಲಿಲ್ಲ. ನೀನೂ ಹೇಳಲಿಲ್ಲ. ಹೇಳದ ಹಾಗೆ ಅಪ್ಪ ನಿನ್ನಿಂದ ಆಣೆ ಮಾಡಿಸಿಕೊಂಡಿದ್ದನೆಂದು ಆಮೇಲೆ ಗೊತ್ತಾಯಿತು. ಆದರೆ ಆ ಕ್ಷಣದಲ್ಲಿ ಅದೆಲ್ಲ ಹೊಳೆಯಲಿಲ್ಲ. ಸುಮ್ಮನಿದ್ದರೆ ಮೊದಲ ಬಹುಮಾನ ನಮ್ಮದೇ ಎನ್ನುವುದು ಹೊಳೆಯಿತು. ಬಾಯಿಬಿಟ್ಟರೆ ಅಪ್ಪನ ಮಾನ ಆ ಸ್ಪೀಕರಿನಲ್ಲೇ ಹೋಗುತ್ತದೆ ಎನ್ನುವುದೂ ಹೊಳೆಯಿತು. ಮೈಕ್ ನನ್ನ ಕೈಯಲ್ಲಿತ್ತು. "ಸರ್, ಇದು ನಾಟಕ ಅಲ್ಲ. ಈ ಕರಿಯಣ್ಣ ನಮ್ಮಪ್ಪ. ಶಾಲಿನಿ ನನ್ನ ತಂಗಿ" ಎಂದುಬಿಟ್ಟೆ.

ಚಪ್ಪಾಳೆ ತಟ್ಟಿದ ಕೈಗಳನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ. ತೀರ್ಪುಗಾರರಲ್ಲಿದ್ದ ಒಬ್ಬ ವಯಸ್ಸಾದ ಮೇಡಂ ಎದ್ದು ಬಂದು ಮೊದಲು ಸ್ಪೀಕರ್ ಆರಿಸಿದರು. ಆಮೇಲೆ ನಮ್ಮ ಮೂವರನ್ನೂ ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ನನಗೆ ನೀರು ಕೊಟ್ಟರು. ಅವರು ಹೇಳಿದ ಒಂದು ಮಾತು ಇವತ್ತಿಗೂ ಚುಚ್ಚುತ್ತಿದೆ. "ನಿಮ್ಮ ಯಂತ್ರ ಚೆನ್ನಾಗಿದೆ ಕಣಮ್ಮ. ಆದರೆ ಹೆಸರು ಕೇಳಬೇಡಿ ಅಂದ ಹೆಂಗಸಿನ ದನಿಯನ್ನ ಊರಿಗೆಲ್ಲ ಕೇಳಿಸಿದಿರಲ್ಲ. ಆಕೆಯನ್ನ ಬಲ್ಲವರು ಇಲ್ಲಿ ಒಬ್ಬರೇ ಇದ್ದರೂ ಆಕೆಯ ಗತಿ ಏನು?" ನಾವು ಮೂವರೂ ತಲೆ ತಗ್ಗಿಸಿದೆವು. ಹೆಸರು ಬೇಡ, ಅಕ್ಷರ ಬೇಡ, ದುಡ್ಡು ಬೇಡ ಎಂದು ಎಲ್ಲವನ್ನೂ ಯೋಚಿಸಿದ್ದ ನಮಗೆ ದನಿಗೂ ಮುಖ ಇರುತ್ತದೆ ಎನ್ನುವುದು ತೋಚಿರಲಿಲ್ಲ. ಬಹುಮಾನ ಧೂಳಿನ ಹುಡುಗರಿಗೆ ಹೋಯಿತು. ಅದರ ಬೇಜಾರು ನನಗಿಲ್ಲ.

ಆ ಮೇಡಮ್ಮೇ ಮಹಿಳಾ ಮತ್ತು ಮಕ್ಕಳ ಇಲಾಖೆಗೆ ಫೋನ್ ಮಾಡಿದರು. ಸೋಮವಾರ ನಮ್ಮ ಮನೆಗೆ ಬಂದವರು ಆ ಇಲಾಖೆಯವರೇ. ಹದಿನೆಂಟು ತುಂಬುವ ತನಕ ಮದುವೆ ಮಾಡುವುದಿಲ್ಲ ಎಂದು ಅಪ್ಪನಿಂದ ಮುಚ್ಚಳಿಕೆ ಬರೆಸಿಕೊಂಡದ್ದು, ಆಗ ಓಣಿಯ ಜನ ಎಲ್ಲ ಬಾಗಿಲಲ್ಲಿ ನಿಂತಿದ್ದು, ಇದೆಲ್ಲ ನೀನು ಕಣ್ಣಾರೆ ಕಂಡದ್ದು.

ನೀನು ಕಾಣದೇ ಇದ್ದದ್ದು ಬುಧವಾರದ್ದು. ಅವತ್ತು ಅಪ್ಪ ಇಲ್ಲಿಗೆ ಬಂದಿದ್ದ.

ಹಾಸ್ಟೆಲ್ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದ. ನಾನು ಓಡಿಹೋಗಿ ಒಳಗೆ ಬಾರಪ್ಪ ಎಂದೆ, ಬರಲಿಲ್ಲ. ನೀರು ತಂದೆ, ಮುಟ್ಟಲಿಲ್ಲ. ಬೈಯುತ್ತಾನೆ ಎಂದು ಎದೆ ಗಟ್ಟಿ ಮಾಡಿಕೊಂಡು ನಿಂತಿದ್ದೆ. ಅವನು ಬೈಯದೆ ನೆಲ ನೋಡಿಕೊಂಡು ಮೆಲ್ಲಗೆ ಮಾತಾಡಿದ.

"ನಮ್ಮಕ್ಕ ಸಾಯಾಕೆ ಬಿದ್ದಾಳೆ ಉಷಾ. ನಮ್ಮವ್ವ ಸತ್ತಾಗ ನನ್ನನ್ನ ಸೊಂಟದ ಮ್ಯಾಲೆ ಹೊತ್ತು ಸಾಕಿದೋಳು ಅವಳು. ಕಣ್ಣು ಮುಚ್ಚಾದ್ರೊಳಗೆ ಮಗನ ಮದಿವಿ ನೋಡ್ಬೇಕು ಅಂದ್ಲು, ಮಾತು ಕೊಟ್ಟೆ. ಅದು ತಪ್ಪಾ?"

ನಾನು, ಅತ್ತೆ ಸಾಕಿದ್ದು ನಿನ್ನನ್ನ, ಅದರ ಋಣ ಶಾಲಿನಿ ಯಾಕೆ ತೀರಿಸಬೇಕಪ್ಪ ಎಂದೆ. ದೊಡ್ಡಕ್ಕತ್ತೆಯನ್ನು ನೆನೆದರೆ ನನಗೂ ಸಂಕಟ ಆಗುತ್ತದೆ ಅವ್ವ. ರಜೆಯಲ್ಲಿ ಹೋದಾಗಲೆಲ್ಲ ನಮಗೆ ಕೊಬ್ಬರಿ ಹೋಳಿಗೆ ಮಾಡಿಕೊಟ್ಟವಳು. ಅಪ್ಪನೂ ಕೆಟ್ಟವನಲ್ಲ. ನನ್ನನ್ನು ಇಂಜಿನಿಯರಿಂಗ್‌ಗೆ ಹಾಕುವಾಗ ಊರವರೆಲ್ಲ ನಗಾಡಿದರೂ ಹೆದರದವನು. ಎಲ್ಲರೂ ಒಳ್ಳೆಯವರೇ ಸೇರಿ ಒಂದು ಮಗುವನ್ನು ಮಣೆಯ ಮೇಲೆ ಕೂರಿಸಲು ಹೊರಟಿದ್ದರಲ್ಲ ಎಂದು ಯೋಚಿಸಿದರೆ ತಲೆ ಕೆಡುತ್ತದೆ.

ಆಮೇಲೆ ಅವನು ತಲೆಯೆತ್ತಿದ. ಆಗ ಕಣ್ಣು ಬೇರೆಯಾಗಿತ್ತು. "ಮೈಕಿನಾಗೆ ಯಾವಳೋ ಹೆಂಗ್ಸು ಮಾತಾಡಿದ್ಲಂತಲ್ಲ, ಯಾವಳ್ಲೇ ಅವಳು? ನಮ್ಮನಿ ಒಳಗಿನ ಮಾತು, ಹುಡುಗಿ ಊಟ ಬಿಟ್ಟಿದ್ದು, ಹೊರಗಿನೋರಿಗೆ ಹೆಂಗೆ ಗೊತ್ತು? ಹೆಸ್ರು ಹೇಳು. ಇವತ್ತೇ ಇತ್ಯರ್ಥ ಮಾಡ್ತೀನಿ."

ನಾನು ಯೋಚನೆಯನ್ನೇ ಮಾಡಲಿಲ್ಲ. "ಹೊರಗಿನೋರು ಯಾರೂ ಅಲ್ಲ ಅಪ್ಪ, ಶಾಲಿನಿ ಶಾಲೆಯಿಂದ ಫೋನ್ ಮಾಡಿ ನನಗೆ ಹೇಳಿದ್ಲು. ನಾನೇ ಗೆಳತಿ ಕೈಲಿ ಹೆಂಗಸಿನ ಥರ ಮಾತಾಡ್ಸಿದೆ" ಎಂದೆ. ಅವನು ನನ್ನ ಮುಖ ನೋಡಿದ. ನಂಬಿದನೋ, ನಂಬಿದರೆ ಒಳ್ಳೆಯದು ಎಂದುಕೊಂಡನೋ ಗೊತ್ತಿಲ್ಲ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. "ಓದ್ಸಿದ್ದು ನಾನು. ಅದ್ರ ಫಲ ನಾನೇ ಉಣ್ಣಬೇಕು. ಇನ್ನ ನೀನು ಆ ಮನಿ ಹೊಸ್ತಿಲು ತುಳೀಬ್ಯಾಡ" ಎಂದು ಬಸ್ ಸ್ಟ್ಯಾಂಡಿನ ಕಡೆ ನಡೆದ. ಹಿಂದೆ ಹಿಂದೆ ಹೋದೆ. ತಿರುಗಿ ನೋಡಲಿಲ್ಲ.

ಹೀಗಾಗಿ ಯುಗಾದಿಗೆ ನಾನು ಬರುವುದಿಲ್ಲ. ನೀನು ಅದಕ್ಕೆ ಅಳಬೇಡ. ಅಪ್ಪನ ಸಿಟ್ಟು ಇಳಿಯಲಿ.

ಈಗ ಮುಖ್ಯ ಮಾತು. ಶುಕ್ರವಾರ ಶಾಂತಕ್ಕನ ಫೋನಿನಿಂದ ಶಾಲಿನಿ ನನ್ನೊಂದಿಗೆ ಮಾತಾಡಿದಳು. ಊಟ ಮಾಡುತ್ತಿದ್ದಾಳಂತೆ, ಆದರೆ ನಿನ್ನ ಜೊತೆ ಮಾತು ಬಿಟ್ಟಿದ್ದಾಳಂತೆ. "ಅವ್ವ ಒಂದ್ ಮಾತೂ ಆಡ್ಲಿಲ್ಲ ಅಕ್ಕ, ಮದಿವಿ ಸೀರಿ ಆರ್ಸಾಕೂ ಹೋಗಿದ್ಲು" ಎಂದು ಬಿಕ್ಕಿದಳು. ನಾನು ಏನೂ ಹೇಳಲಿಲ್ಲ. ಇನ್ನೊಂದು ವಿಷಯವನ್ನೂ ಹೇಳಿದಳು. ಹೊಳಲ್ಕೆರೆಯಿಂದ ಚಂದ್ರು ಬಂದಿದ್ದನಂತೆ. ಯುಗಾದಿ ಕಳೆದ ಮೇಲೆ ಸದ್ದಿಲ್ಲದೆ ಯಾವುದಾದರೂ ಗುಡಿಯಲ್ಲಿ ತಾಳಿ ಕಟ್ಟಿಸಿಬಿಡೋಣ ಎಂದು ಅತ್ತೆ ಹೇಳಿಕಳಿಸಿದ್ದಾಳಂತೆ. ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ನನ್ನ ನಿದ್ದೆ ಕೆಡಿಸಿರುವುದು ಇದೇ.

ನಮ್ಮ ಕಾಲೇಜಿನ ಪರಮೇಶ್ವರಪ್ಪ ಸರ್ ಅವರ ತಂಗಿ ಸಿರಿಗೆರೆ ಹತ್ತಿರ ಒಂದು ಶಾಲೆಯಲ್ಲಿ ಟೀಚರ್. ಹತ್ತನೇ ಕ್ಲಾಸಿಗೆ ಶಾಲಿನಿಯನ್ನು ಅಲ್ಲಿಗೆ ಸೇರಿಸಿಕೊಂಡು ಹಾಸ್ಟೆಲಿನಲ್ಲಿ ಇಡುತ್ತಾರೆ. ಸರ್ ಮಾತಾಡಿದ್ದಾರೆ. ಅಪ್ಪನ ಸಹಿಯೇ ಆಗಬೇಕೆಂದಿಲ್ಲ, ತಾಯಿ ಬಂದು ಸಹಿ ಮಾಡಿದರೂ ನಡೆಯುತ್ತದಂತೆ. ಶಾಲಿನಿಯ ಪರೀಕ್ಷೆ ಮುಗಿಯುವ ದಿನ ಸ್ವಾತಿ ಮತ್ತೆ ಬಂದು ಶಾಲೆಯ ಗೇಟಿನಲ್ಲೇ ಕಾಯುತ್ತಾಳೆ. ನೀನು ಶಾಲಿನಿಯನ್ನು ಕರೆದುಕೊಂಡು ಬಸ್ಸು ಹತ್ತಬೇಕು ಅವ್ವ. ಅಲ್ಲಿಯವರೆಗೆ ಅವಳನ್ನು ಒಬ್ಬಳೇ ಹೊಳಲ್ಕೆರೆ ಕಡೆ ಕಳಿಸಬೇಡ. ಅತ್ತೆಗೆ ಹುಷಾರಿಲ್ಲ, ನೋಡಿಬರಲಿ ಎಂದು ಅಪ್ಪನೇ ಹೇಳಿದರೂ ಕಳಿಸಬೇಡ. ಅಷ್ಟು ನೋಡಬೇಕೆನಿಸಿದರೆ ನೀನೂ ಜೊತೆಗೆ ಹೋಗು.

ನಿನಗೆ ಇದು ಸುಲಭವಲ್ಲ ಎಂದು ಬಲ್ಲೆ. ಹೊಸದುರ್ಗದ ಸಂತೆಗೂ ಅಪ್ಪನನ್ನು ಕೇಳಿಯೇ ಹೋಗುವವಳು ನೀನು. ಹಾಡುಹಗಲಲ್ಲಿ ಮಗಳ ಕೈ ಹಿಡಿದು ಬಸ್ಸು ಹತ್ತಿದರೆ ಊರೆಲ್ಲ ನೋಡುತ್ತದೆ, ಆಮೇಲೆ ಮನೆಗೆ ಹಿಂತಿರುಗಿ ಅಪ್ಪನ ಎದುರು ನಿಲ್ಲಬೇಕಾದವಳೂ ನೀನೇ. ಒಬ್ಬಳೇ ನಿಲ್ಲುವುದು ಬೇಡ. ನಾನು ಸಿರಿಗೆರೆಗೆ ಬಂದು ಅಲ್ಲಿಂದ ನಿನ್ನ ಜೊತೆ ವಾಪಸ್ ಬರುತ್ತೇನೆ. ಹೊಸ್ತಿಲು ತುಳಿಯಬೇಡ ಎಂದರೆ ಜಗಲಿಯ ಮೇಲೆ ಕೂರುತ್ತೇನೆ. ಅವನು ಎಷ್ಟು ದಿನ ಮಗಳನ್ನು ಜಗಲಿಯ ಮೇಲೆ ಬಿಡುತ್ತಾನೋ ನೋಡೋಣ.

ಬರುತ್ತೀಯೋ ಇಲ್ಲವೋ ಎಂದು ಸ್ವಾತಿಯ ಹತ್ತಿರ ಒಂದೇ ಮಾತು ಹೇಳಿ ಕಳಿಸು. ಅವಳು ಹಿಂತಿರುಗಿ ಬರುವ ತನಕ ನಾನು ಬಸ್ ಸ್ಟ್ಯಾಂಡಿನಲ್ಲೇ ಇರುತ್ತೇನೆ. ಹಾಸ್ಟೆಲಿನಲ್ಲಿ ಕೂತಿರಲು ನನ್ನಿಂದ ಆಗುವುದಿಲ್ಲ.

ನಿನ್ನ ಹಿರಿಮಗಳು,
ಉಷಾರಾಣಿ

ಮರೆಯದೆ ಇದನ್ನೂ ಓದು: ಇಷ್ಟು ಹೊತ್ತು ಯಾರೋ ಹೆಂಗಸು ಎಂದು ಬರೆದೆ. ಅವ್ವ, ಆ ಸಭಾಂಗಣದಲ್ಲಿ ಊರಿನ ಹೆಸರು ಬರುವ ಮೊದಲೇ, ನೀನು ಫೋನಿನಲ್ಲಿ ಉಸಿರೆಳೆದುಕೊಂಡಾಗಲೇ ನನಗೆ ಗೊತ್ತಾಯಿತು. ಪ್ರಶ್ನೆ ಕೇಳಿದ್ದು ಮಗಳ ದನಿ ಎಂದು ನಿನಗೂ ಗೊತ್ತಾಗಿರಬೇಕು. ಆ ಧ್ವನಿಯನ್ನೂ ನಂಬರನ್ನೂ ಅಳಿಸಿಹಾಕಿದ್ದೇನೆ, ಇನ್ನು ಯಾರಿಗೂ ಸಿಗುವುದಿಲ್ಲ. ಅಳಿಸುವ ಮೊದಲು ಒಂದು ಸಲ ಕಿವಿಗಿಟ್ಟುಕೊಂಡು ಕೇಳಿದೆ. "ನಮ್ಮ ಶಾಲಿ" ಎಂದು ಶುರು ಮಾಡಿ, ತಡೆದು, "ಹುಡುಗಿ ಹೆಸ್ರು ಶಾಲಿನಿ" ಎಂದಿದ್ದೀಯ. ಅಪ್ಪನಿಗೆ ಯಾವತ್ತೂ ಹೇಳಬೇಡ, ಆ ಬೈಗುಳ ನನ್ನ ಹೆಸರಿನಲ್ಲೇ ಇರಲಿ. ಆದರೆ ಶಾಲಿನಿಗೆ ಹೇಳು. ಇವತ್ತೇ ಹೇಳು.