ಗೌರವ್ವನ ಗದ್ದದ ಮೇಲಿನ ಬಿಳಿ ಕಲೆ

ತಾಲೂಕಿನ ಪೋಷಣ ಆಹಾರದ ಮಾನ್ಯ ಅಧಿಕಾರಿಗಳೇ,

ನಲವತ್ತಮೂರು ವರ್ಷದ ಗೌರವ್ವನನ್ನು ತಾವು ಶಾಲೆಯ ಒಲೆಯ ಮುಂದಿನಿಂದ ಎಬ್ಬಿಸಿ ಇವತ್ತಿಗೆ ಐದು ವಾರವಾಯಿತು. ತಿಕೋಂಡಿಯ ಆಚೆ, ತೋಟದ ಮನೆಗಳ ನಡುವಿನ ಒಂದು ವಸ್ತಿ ಶಾಲೆಯಲ್ಲಿ ಆರು ವರ್ಷದಿಂದ ಮಕ್ಕಳಿಗೆ ಖಿಚಡಿ ಬೇಯಿಸುತ್ತಿದ್ದವಳು ಆಕೆ. ಎಬ್ಬಿಸಲು ಕಾರಣ, ಆಕೆಯ ಗದ್ದದ ಮೇಲಿರುವ ಹುಣಸೆ ಬೀಜದಷ್ಟು ಅಗಲದ ಒಂದು ಬಿಳಿ ಕಲೆ. ತಮ್ಮ ಆದೇಶದಲ್ಲಿ ಅದಕ್ಕೆ 'ಸಂಶಯಾಸ್ಪದ ಚರ್ಮರೋಗ' ಎಂದು ನಾಮಕರಣವಾಗಿದೆ. ಸಂಶಯ ಯಾರದು? ಆದೇಶಕ್ಕೆ ಸಹಿ ಹಾಕುವಾಗ ತಾವು ಆಕೆಯ ಮುಖವನ್ನೇ ನೋಡಿರಲಿಲ್ಲ. ನೋಡದೆ ಸಂಶಯಪಡುವುದು, ಸಂಶಯಪಟ್ಟ ಮೇಲೂ ನೋಡದೇ ಇರುವುದು, ಇವೆರಡನ್ನೂ ಒಂದೇ ಕುರ್ಚಿಯಲ್ಲಿ ಕೂತು ಮಾಡಬೇಕಾದರೆ ಬಹಳ ವರ್ಷಗಳ ಸರಕಾರಿ ಸೇವೆ ಬೇಕು. ತಮಗದು ಸಿದ್ಧಿಸಿದೆ. ಅಭಿನಂದನೆಗಳು.

ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆ ಕೇಳುವುದಿಲ್ಲ. ಗಡಿಯ ಈಚೆ ಮಹಾರಾಷ್ಟ್ರದಲ್ಲಿದ್ದೇವೆಂದು ಮರಾಠಿಯಲ್ಲಿ ಮೂರು ಅರ್ಜಿ ಕೊಟ್ಟಿದ್ದೇನೆ. ಅಕ್ಷರ ದುಂಡಗಿದ್ದವು, ಭಾಷೆ ಶುದ್ಧವಾಗಿತ್ತು, ತಮಗೆ ಬೇಕಾದಷ್ಟು 'ವಿನಂತಿ'ಗಳೂ ಇದ್ದವು. ಮೂರನ್ನೂ ತಾವು ಓದಲಿಲ್ಲ. ಓದದವರಿಗೆ ಯಾವ ಭಾಷೆಯಾದರೇನು? ಇದನ್ನು ತಾಲೂಕಿನ ಉಳಿದ ಜನ ಓದಲಿ ಎಂದು ಪತ್ರಿಕೆಗೆ ಕಳಿಸಿದ್ದೇನೆ. ನಾನು ಜತ್ತದ ಪೇಟೆಯಲ್ಲಿ ಬಳೆ ಅಂಗಡಿ ನಡೆಸುವ ಸುಲತಾನಾ. ತವರು ತಿಕೋಂಡಿ. ಗೌರವ್ವ ನಮ್ಮ ಓಣಿಯವಳು, ನನಗಿಂತ ಎರಡು ವರ್ಷ ಹಿರಿಯಳು, ನನ್ನ ಗೌರಕ್ಕ. ಆ ಕಲೆ ಎಲ್ಲಿಂದ ಬಂತು ಎಂದು ತಾವು ಒಮ್ಮೆಯೂ ಕೇಳಲಿಲ್ಲ. ನಾನಾಗಿಯೇ ಹೇಳುತ್ತೇನೆ, ಏಕೆಂದರೆ ಅದು ಬಂದದ್ದು ನನ್ನ ಕೈಯಿಂದ.

ಬಳೆ ಇಡುವವಳ ಮುಂದೆ ಹೆಂಗಸರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಾರೆ. ಇಪ್ಪತ್ತು ವರ್ಷದಲ್ಲಿ ತಾವು ತೆರೆದ ಫೈಲುಗಳಿಗಿಂತ ಹೆಚ್ಚು ಮುಖಗಳನ್ನು ನಾನು ಗೇಣಂತರದಿಂದ ನೋಡಿದ್ದೇನೆ. ಅರ್ಧಕ್ಕರ್ಧ ಹೆಂಗಸರಿಗೆ ತುಟಿಯ ಮೇಲೋ ಗದ್ದದ ಮೇಲೋ ಕೂದಲಿರುತ್ತದೆ. ಚಿಮಟದಿಂದ ಕೀಳುತ್ತಾರೆ, ದಾರ ಎಳೆಸಿಕೊಳ್ಳುತ್ತಾರೆ, ಕಡಲೆಹಿಟ್ಟು ಅರಿಷಿಣ ಹಚ್ಚಿ ತಿಕ್ಕುತ್ತಾರೆ, ಆಮೇಲೆ ಏನೂ ಮಾಡಿಯೇ ಇಲ್ಲವೆಂಬಂತೆ ಸಂತೆಗೆ ಬರುತ್ತಾರೆ. ಗೌರವ್ವನಿಗೆ ಮೂವತ್ತೈದು ದಾಟಿದ ಮೇಲೆ ಗದ್ದದಲ್ಲಿ ದಪ್ಪ ಕರಿ ಕೂದಲು ಬರತೊಡಗಿದವು. ಕಿತ್ತಲ್ಲಿ ಬಾವು, ಬಾವಿನಲ್ಲಿ ಕೀವು. ಖಿಚಡಿಗೆ ತಾಟು ಒಡ್ಡಿ ಕೆಳಗಿನಿಂದ ಮೇಲೆ ನೋಡುವ ಮಕ್ಕಳ ಕಣ್ಣಿಗೆ ಮೊದಲು ಕಾಣುವುದು ಗದ್ದವೇ. ಒಂದನೆಯ ಇಯತ್ತೆಯಲ್ಲಿ ಓದುವ ಒಬ್ಬ ಹುಡುಗಿ, "ಆಯಿ, ನಿಮಗ ನಮ್ಮ ಮುತ್ತ್ಯಾನಂಗ ಗಡ್ಡ ಬರತಾವೇನ್ರಿ?" ಎಂದು ಕೇಳಿದಳಂತೆ. ಆ ವಾರ ಗೌರವ್ವ ನನ್ನ ಮನೆಗೆ ಬಂದು ಅದನ್ನು ಹೇಳಿದಳು. "ಅಕಿ ಮುಂದ ನಕ್ಕನಿ ಖರೆ, ಭಾಳ ನಾಚಿಕಿ ಆತು ಸುಲತಾನಾ," ಎಂದಳು.

ಆ ಹೊತ್ತಿಗೆ ನನ್ನ ಮನೆಯಲ್ಲಿ ಬೆಳಕಿನ ಯಂತ್ರವಿತ್ತು. ಗಂಡನ ಜೊತೆ ಕುವೈತಿನಲ್ಲಿರುವ ನನ್ನ ತಂಗಿ ಮುಸರತ ಕಳೆದ ವರ್ಷ ರಂಜಾನಿಗೆ ಬಂದಾಗ ತಂದುಕೊಟ್ಟದ್ದು. ಅಂಗೈಯಲ್ಲಿ ಹಿಡಿಯುವಂಥ ವಸ್ತು, ಮುಂದೆ ಒಂದು ಸಣ್ಣ ಗಾಜು. ಕೂದಲು ಬೋಳಿಸಿದ ಜಾಗಕ್ಕೆ ಗಾಜನ್ನು ಒತ್ತಿ ಗುಂಡಿ ಅದುಮಿದರೆ ಫೋಟೋ ತೆಗೆದ ಹಾಗೆ ಫಕ್ಕನೆ ಬೆಳಕು ಬರುತ್ತದೆ. ಹದಿನೈದು ದಿನಕ್ಕೊಮ್ಮೆ ಹೀಗೆ ಮಾಡುತ್ತ ಹೋದರೆ ಕೂದಲು ಕಡಿಮೆಯಾಗುತ್ತವೆ. ನಾನು ತುಟಿಯ ಮೇಲೆ, ಮುಂಗೈ ಮೇಲೆ ನಾಲ್ಕು ತಿಂಗಳು ಹಿಡಿದೆ. ಕಡಿಮೆಯಾದವು. ಸುಳ್ಳೇಕೆ ಹೇಳಲಿ, ಖುಷಿಯಾಯಿತು. ಯಂತ್ರದ ಜೊತೆ ಒಂದು ಪುಸ್ತಕ ಬಂದಿತ್ತು, ಒಂದು ಬದಿ ಇಂಗ್ಲಿಷು, ಇನ್ನೊಂದು ಬದಿ ಅರಬ್ಬಿ. ನನ್ನ ಇಂಗ್ಲಿಷು ಹತ್ತನೆಯ ಇಯತ್ತೆಯಲ್ಲೇ ನನ್ನ ಕೈಬಿಟ್ಟಿದೆ. ಅರಬ್ಬಿ ಅಕ್ಷರ ಚಿಕ್ಕಂದಿನಿಂದ ಬಲ್ಲೆ, ಹಾಗಾಗಿ ಜೇರ್ ಜಬರ್ ಎಂಬ ಸ್ವರಚಿಹ್ನೆಗಳಿಲ್ಲದ ಆ ಸಾಲುಗಳನ್ನೂ ತಡವರಿಸಿ ಓದಿದೆ. ತಲೆಗೆ ದುಪಟ್ಟಾ ಹೊದ್ದುಕೊಂಡು ಓದಿದೆ, ಕುರಾನ್ ಓದುವ ರೂಢಿ ನೋಡಿ. ಅರ್ಥ ಮಾತ್ರ ಒಂದಿಷ್ಟೂ ಆಗಲಿಲ್ಲ.

ಉಳಿದದ್ದು ಚಿತ್ರಗಳು. ಬಿಸಿಲಿನಲ್ಲಿ ಮಲಗಿದ ಹೆಂಗಸು, ಅದರ ಮೇಲೆ ಬೇಡವೆಂಬ ಕೆಂಪು ಕಾಟು. ಬಿಸಿಲಿನಲ್ಲಿ ಕೂತು ಹಚ್ಚಬಾರದು ಎಂದುಕೊಂಡೆವು. ಅದರ ಪಕ್ಕದಲ್ಲಿ ಒಂದು ತೋಳು, ತೋಳಿಗೆ ಸುತ್ತಿಕೊಂಡ ಹಾವು, ಅದಕ್ಕೂ ಕೆಂಪು ಕಾಟು.

"ಏ ತಂಗಿ, ಇದರಾಗ ಹಾಂವ ಯಾಕ ತಗದಾರ?" ಎಂದಳು ಗೌರವ್ವ.

"ಹಾಂವ ಬರೂ ಜಾಗಾದಾಗ ಹಚ್ಚಬ್ಯಾಡ್ರಿ ಅಂತ ಇರಬೇಕು, ಗೌರಕ್ಕಾ."

"ಬೆಳಕಿಗಿ ಬರತಾವೇನೋ. ಒಂಚೂರು ನೋಡ ಮತ್ತ."

ನಾನು ಕಸಬರಿಗೆ ಹಿಡಿದು ಮಂಚದ ಕೆಳಗೆ, ಟ್ರಂಕಿನ ಹಿಂದೆ, ಜೋಳದ ಚೀಲದ ಸಂದಿಯಲ್ಲಿ ನೋಡಿದೆ. ನಗಬೇಡಿ, ನಗುವ ಹಕ್ಕು ತಮಗಿಲ್ಲ. ಆಮೇಲೆ ತಿಳಿಯಿತು, ಅದು ಹಚ್ಚೆ ಹಾಕಿಸಿಕೊಂಡ ತೋಳು. ಹಚ್ಚೆಯ ಮೇಲೆ ಈ ಬೆಳಕು ಬಿಡಬಾರದು ಎಂದು ಅದರ ಅರ್ಥ. ಫಾರಿನ್ನಿನ ಗಂಡಸರು ತೋಳಿಗೆ ಹಾವು ಚುಚ್ಚಿಸಿಕೊಳ್ಳುವುದು ನಮಗೇನು ಗೊತ್ತು? ಗೌರವ್ವನ ಗದ್ದದ ಮೇಲೆ ಏಳನೆಯ ವರ್ಷದಿಂದ ಮೂರು ಹಸಿರು ಹಚ್ಚೆ ಬೊಟ್ಟುಗಳಿದ್ದವು. ಈ ಭಾಗದ ಎಷ್ಟೋ ಹೆಂಗಸರಿಗೆ ಇರುತ್ತವೆ, ಮೂಗು ಕಿವಿಯ ಹಾಗೆ ಅವೂ ಮುಖದ ಭಾಗವೇ. ಪುಸ್ತಕದ ಹಾವಿಗೂ ಈ ಮೂರು ಬೊಟ್ಟಿಗೂ ಸಂಬಂಧವಿದೆ ಎಂದು ನನಗೂ ಹೊಳೆಯಲಿಲ್ಲ, ಆಕೆಗೂ ಹೊಳೆಯಲಿಲ್ಲ.

ಲೋಡ್‌ಶೆಡ್ಡಿಂಗ್ ಮುಗಿದು ಕರೆಂಟು ಬಂದಾಗ ಮಧ್ಯಾಹ್ನ ಮೂರು ಗಂಟೆ. ಮೊದಲು ಬೋಳಿಸಬೇಕೆಂದು ನನ್ನ ಗಂಡ ಅಲ್ಲಾಬಕ್ಷನ ರೇಜರು ತಂದೆ. ಗೌರವ್ವ ಹೌಹಾರಿದಳು. "ಗಂಡಸರ ಬ್ಲೇಡ ನನ್ನ ಮಾರಿಗಿ ಹಚ್ಚತೀಯೇನ?" ಎಂದು ಬೈದಳು. ಸಣ್ಣ ಕತ್ತರಿಯಿಂದ ಬುಡಕ್ಕೆ ಕತ್ತರಿಸಿದೆ. ಗದ್ದದ ಅಂಚಿಗೆ ನಾಲ್ಕು ಸಲ ಬೆಳಕು ಬಿಟ್ಟಾಗ ಬರೀ ಚುರುಗುಟ್ಟಿತು. ಐದನೆಯದು ನಡುವೆ, ಬೊಟ್ಟುಗಳ ಮೇಲೆ. ಆಕೆಯ ತಲೆ ಹಿಂದಕ್ಕೆ ಜಿಗಿದು ಗೋಡೆಗೆ ಬಡಿಯಿತು. "ಒಗ್ಗರಣಿ ಸಿಡದಂಗ ಆತು. ಇರಲಿ, ಹಿಂಗ ಇರತೈತೇನೋ, ಒತ್ತು," ಎಂದಳು. ನಾನು ಇನ್ನೊಮ್ಮೆ ಒತ್ತಿದೆ. ಆ ಎರಡನೆಯ ಸಲವನ್ನು ನೆನೆದರೆ ಈಗಲೂ ನನ್ನ ಕೈ ಕಂಡರೆ ನನಗೇ ಹೇಸಿಗೆಯಾಗುತ್ತದೆ. ಸಂಜೆಯ ಹೊತ್ತಿಗೆ ಗುಳ್ಳೆ ಎದ್ದಿತು, ಮೂರು ದಿನಕ್ಕೆ ಒಡೆಯಿತು, ತಿಂಗಳಲ್ಲಿ ಗಾಯ ಮಾಯ್ದು ಆ ಜಾಗ ಬೆಳ್ಳಗಾಯಿತು. ನಡುವಿನ ಬೊಟ್ಟು ಹೋಗಿಯೇ ಬಿಟ್ಟಿತು.

ವಿಜಾಪುರದ ಚರ್ಮದ ಡಾಕ್ಟರು ಆಮೇಲೆ ತಿಳಿಸಿ ಹೇಳಿದರು. ಆ ಬೆಳಕಿಗೆ ಕಪ್ಪು ಬಣ್ಣ ಸಿಕ್ಕರೆ ಅಲ್ಲಿ ಬಿಸಿಯಾಗುತ್ತದೆ. ಕೂದಲಿನ ಕಪ್ಪಿಗೆ ಬಿಸಿಯಾದರೆ ಬೇರು ಸೊರಗುತ್ತದೆ, ಹಸಿರು ಕಂಡರೂ ಒಳಗೆ ಕಪ್ಪೇ ಆದ ಹಚ್ಚೆಯ ಮಸಿಗೆ ಬಿಸಿಯಾದರೆ ಚರ್ಮ ಬೇಯುತ್ತದೆ. ಬಿಸಿಲಿನಲ್ಲಿ ದುಡಿದು ಕರ್ರಗಾದ ಮೈಗಂತೂ ಅದನ್ನು ಹಿಡಿಯಲೇಬಾರದಂತೆ. ಯಂತ್ರಕ್ಕೆ ಕಣ್ಣಿಲ್ಲ, ಯಾವುದು ಕೂದಲು ಯಾವುದು ಹಚ್ಚೆ ಎಂದು ಅದು ಬೇರೆ ಮಾಡಲಾರದು. ತಮಗಾದರೋ ಎರಡು ಕಣ್ಣುಗಳಿವೆ, ಅವುಗಳ ಮೇಲೆ ಸರಕಾರಿ ಖರ್ಚಿನ ಕನ್ನಡಕವೂ ಇದೆ. ಆದರೂ ಸುಟ್ಟ ಕಲೆ ಯಾವುದು ರೋಗ ಯಾವುದು ಎಂದು ತಾವೂ ಬೇರೆ ಮಾಡಲಿಲ್ಲ. ಯಂತ್ರವನ್ನು ನಾನು ಕ್ಷಮಿಸಬಲ್ಲೆ.

ಗೌರವ್ವ ಬುದ್ಧಿವಂತೆಯಾಗಿದ್ದರೆ ಬಿಸಿ ಎಣ್ಣೆ ಸಿಡಿಯಿತೆಂದು ಹೇಳಿ ಪಾರಾಗುತ್ತಿದ್ದಳು. ಆಕೆ ಶಾಲೆಯ ಮುಖ್ಯ ಗುರುಜಿ ತಮ್ಮಣ್ಣನವರಿಗೆ ಇದ್ದದ್ದು ಇದ್ದ ಹಾಗೆ ಹೇಳಿದಳು. ಅವರು ನಂಬಿದರು. ಆದರೆ ಇಬ್ಬರು ಪಾಲಕರು ಅದು ತೊನ್ನು ಎಂದು ಗುಲ್ಲು ಮಾಡಿದಾಗ, ಗುರುಜಿ ತಮ್ಮ ತಲೆಯ ಮೇಲಿನ ಭಾರ ಇಳಿಸಿಕೊಳ್ಳಲು ಒಂದು ವರದಿ ಬರೆದು ತಮಗೆ ಕಳಿಸಿದರು. ಒಂದು ವಾರದೊಳಗೆ ಆದೇಶ ಬಂತು! ಅಕ್ಕಿಯಲ್ಲಿ ನುಸಿ ಬಿದ್ದಿದೆ, ಬೇಳೆಯಲ್ಲಿ ಕಲ್ಲಿದೆ ಎಂದು ಇದೇ ಗೌರವ್ವ ಇದೇ ಗುರುಜಿಯ ಕೈಯಿಂದ ಎರಡು ಸಲ ಬರೆಸಿ ಕಳಿಸಿದ್ದಳು. ಅದಕ್ಕೆ ಎರಡು ವರ್ಷವಾದರೂ ಉತ್ತರ ಬಂದಿಲ್ಲ. ಮಕ್ಕಳ ಹೊಟ್ಟೆಗೆ ಹೋಗುವ ನುಸಿ ತಮಗೆ ಸಂಶಯಾಸ್ಪದವೆನಿಸಲಿಲ್ಲ, ಬಡಿಸುವವಳ ಗದ್ದ ಅನಿಸಿತು. ಅಷ್ಟಕ್ಕೂ ತೊನ್ನೇ ಆಗಿದ್ದರೂ ಅದು ಮುಟ್ಟಿದರೆ ಹರಡುವ ರೋಗವಲ್ಲವೆಂದು ಅದೇ ಡಾಕ್ಟರು ಹೇಳಿದರು. ಶಿಕ್ಷಣದ ಇಲಾಖೆಯಲ್ಲಿ ಕೂತವರಿಗೆ ಇಷ್ಟಾದರೂ ಗೊತ್ತಿರಬಾರದೇ? ಈಗ ಖಿಚಡಿಯನ್ನು ಗುರುಜಿಯೇ ಬೇಯಿಸುತ್ತಾರೆ, ದಿನಾಲು ತಳ ಹತ್ತುತ್ತದೆ.

ನಾವಿಬ್ಬರೂ ತಮ್ಮ ಕಚೇರಿಗೆ ಮೊದಲ ಸಲ ಬಂದ ದಿನ ತಮಗೆ ನೆನಪಿದೆಯೇ? ಗೌರವ್ವ ಸೆರಗನ್ನು ಗದ್ದದ ಮೇಲೆ ಎಳೆದುಕೊಂಡು ಬಾಗಿಲ ಹತ್ತಿರ ನಿಂತಿದ್ದಳು. ತಾವು ಕುಂದ್ರಿ ಎನ್ನಲಿಲ್ಲ. ನಾನು ನಡೆದದ್ದೆಲ್ಲ ಹೇಳಿದೆ. ತಾವು ಕಚೇರಿಯ ಸಿಪಾಯಿಯ ಕಡೆ ನೋಡಿ ನಕ್ಕು, "ಈ ವಯಸ್ಸಿನ್ಯಾಗ ಇಂಥಾ ನಖರಾ ಯಾಕ ಬೇಕಾಗಿತ್ತು ಇವರಿಗಿ?" ಎಂದಿರಿ. ಸಿಪಾಯಿಯೂ ನಕ್ಕ, ಅದು ಅವನ ನೌಕರಿ. ಅಂದು ತಮ್ಮ ಗದ್ದದ ಮೇಲೆ, ಬೆಳಿಗ್ಗೆ ಬ್ಲೇಡು ಕೊಯ್ದ ಜಾಗದಲ್ಲಿ, ಪತ್ರಿಕೆಯ ಒಂದು ಚೂರು ರಕ್ತದಿಂದ ಅಂಟಿಕೊಂಡಿತ್ತು. ತಾವು ದಿನಾ ಬೆಳಿಗ್ಗೆ ಮುಖದ ಕೂದಲು ತೆಗೆಯುತ್ತೀರಿ, ಆಗಾಗ ಗಾಯ ಮಾಡಿಕೊಳ್ಳುತ್ತೀರಿ, ತಲೆಗೆ ಹಚ್ಚಿದ ಕಪ್ಪು ಬಣ್ಣ ಕಾಲರಿಗೆ ಇಳಿದಿರುತ್ತದೆ. ಅದಕ್ಕೆ ಶಿಸ್ತು ಎಂದು ಹೆಸರು. ಗೌರವ್ವ ತನ್ನ ಗದ್ದದ ಹತ್ತು ಕೂದಲು ತೆಗೆಯಹೋದರೆ ನಖರಾ. ಆಕೆಗೆ ಚಂದ ಕಾಣುವ ಆಸೆಯಾಗಿದ್ದರೂ ಅದರಲ್ಲಿ ತಪ್ಪೇನು? ಯಾವ ವಯಸ್ಸಿಗೆ ಆ ಆಸೆ ನಿಲ್ಲಬೇಕೆಂದು ತಮ್ಮ ಇಲಾಖೆಯ ಸುತ್ತೋಲೆ ಇದೆಯೇ? ಇದ್ದರೆ ತಮ್ಮ ಹೇರ್‌ಡೈಗೆ ಅದು ಅನ್ವಯಿಸುವುದಿಲ್ಲವೇ?

ಡಾಕ್ಟರ ಸರ್ಟಿಫಿಕೇಟು ತನ್ನಿ ಎಂದಿರಿ. ವಿಜಾಪುರದಿಂದ ತಂದೆವು. ಸುಟ್ಟ ಗಾಯದ ಕಲೆ, ರೋಗವಲ್ಲ, ಅಡುಗೆ ಕೆಲಸಕ್ಕೆ ಅಡ್ಡಿಯಿಲ್ಲ ಎಂದು ಸ್ಪಷ್ಟವಾಗಿ ಬರೆದಿತ್ತು. "ಕರ್ನಾಟಕದ ಕಾಗದಾ ಇಲ್ಲಿ ನಡ್ಯಂಗಿಲ್ಲ, ಮಹಾರಾಷ್ಟ್ರದ್ದು ತರ್ರಿ," ಎಂದಿರಿ. ವಿಜಾಪುರದಲ್ಲಿ ಸುಟ್ಟ ಗಾಯವಾಗಿದ್ದುದು ಗಡಿ ದಾಟುವಷ್ಟರಲ್ಲಿ ರೋಗವಾಗಿಬಿಡುತ್ತದೆಯೇ? ಆಗಲೆಂದು ಇಲ್ಲಿಯ ಸರಕಾರಿ ಡಾಕ್ಟರ ಮುಂದೆ ಸಾಲಿನಲ್ಲಿ ಕೂತು ಅದೇ ಮಾತನ್ನು ಮರಾಠಿಯಲ್ಲಿ ಬರೆಸಿ ತಂದೆವು. ತಾವು ಅದರಲ್ಲಿ 'ಸುಟ್ಟ' ಎಂಬ ಒಂದೇ ಶಬ್ದವನ್ನು ಹಿಡಿದುಕೊಂಡಿರಿ. "ಸುಟಗೊಂಡಾಳಂದ್ರ ನಿಷ್ಕಾಳಜಿ ಅದಾಳ ಅಂತಾತು. ಅಂಥಾಕಿನ್ನ ಒಲಿ ಮುಂದ ಹೆಂಗ ಕುಂದ್ರಸೂದು?" ಎಂದಿರಿ. ಆರು ವರ್ಷ ನೂರಾರು ಮಕ್ಕಳಿಗೆ ಬೇಯಿಸಿ ಬಡಿಸಿದವಳ ಕೈಯಿಂದ ಒಂದು ಮಗುವಿಗೂ ಬಿಸಿ ಹನಿ ಸಿಡಿದಿಲ್ಲ. ರೋಗವೆಂದರೆ ರೋಗಕ್ಕಾಗಿ ಹೊರಗೆ, ರೋಗವಲ್ಲವೆಂದರೆ ರೋಗವಲ್ಲದ್ದಕ್ಕಾಗಿ ಹೊರಗೆ. ಅಂದು ಹೊರಗೆ ಬಂದು ಬಸ್ ಸ್ಟ್ಯಾಂಡಿನಲ್ಲಿ ಕೂತಾಗ ಗೌರವ್ವ, "ಅವರು ಒಮ್ಮಿನೂ ನನ್ನ ಮಾರಿ ನೋಡಲಿಲ್ಲಲ್ಲ," ಎಂದಳು. ನನಗೆ ಸಿಟ್ಟಿನಿಂದ ಅಳು ಬಂತು, ಆಕೆಯೇ ನನ್ನ ಕಣ್ಣು ಒರೆಸಿದಳು.

ಈಗ ಬೇಡಿಕೆ. ತಮ್ಮ ಆದೇಶವನ್ನು ಹಿಂತೆಗೆದುಕೊಂಡು ಗೌರವ್ವನನ್ನು ಅದೇ ಶಾಲೆಯ ಅದೇ ಒಲೆಯ ಮುಂದೆ ಕೂರಿಸಿ. ಬರುವ ಸಂತೆಯ ದಿನದೊಳಗೆ ಕೂರಿಸಿ. ತಪ್ಪಿತಸ್ಥರ ಹೆಸರು ಬರೆಯದೆ ತಮ್ಮ ಫೈಲು ಮುಚ್ಚುವುದಿಲ್ಲವಾದರೆ ನನ್ನ ಹೆಸರು ಬರೆದುಕೊಳ್ಳಿ. ಓದಲು ಬಾರದ ಪುಸ್ತಕವನ್ನು ಓದಿದಂತೆ ಮಾಡಿದವಳು ನಾನು, ನೋವೆಂದಾಗಲೂ ಒತ್ತಿದವಳು ನಾನು. ಹಾಕಬೇಕಾದ ಶಿಕ್ಷೆಯನ್ನು ನನಗೆ ಹಾಕಿ.

ಸಂತೆಯ ದಿನದೊಳಗೆ ಎಂದು ಏಕೆ ಹೇಳಿದೆನೆಂದರೆ, ಅಂದು ಬ್ಯಾಟರಿ ಮಶೀನಿನ ಹಚ್ಚೆಯವನು ಬರುತ್ತಾನೆ. ಬಿಳಿ ಕಾಣದಂತೆ ಕಲೆಯ ಮೇಲೆಲ್ಲ ದೊಡ್ಡದೊಂದು ಹಸಿರು ಬೊಟ್ಟು ತುಂಬಿಸಿಕೊಂಡುಬಿಡುತ್ತೇನೆ, ಆಗ ಸಾಹೇಬರು ಒಲೆ ಕೊಟ್ಟಾರು ಎಂದು ಗೌರವ್ವ ತೀರ್ಮಾನಿಸಿದ್ದಾಳೆ. ಸುಟ್ಟ ಚರ್ಮ ಇನ್ನೂ ಎಳೆಯದು, ಸೂಜಿ ತಾಗಿಸಲೇಬೇಡಿ, ಮತ್ತೆ ಹುಣ್ಣಾದೀತು ಎಂದು ಡಾಕ್ಟರು ಎರಡೆರಡು ಸಲ ಹೇಳಿದ್ದಾರೆ. ಆಕೆ ಕೇಳುತ್ತಿಲ್ಲ. ನಿನ್ನೆ ಅಂಗಡಿಗೆ ಬಂದು, "ಚುಚ್ಚೂವಾಗ ನನ್ನ ಕೈ ಗಟ್ಯಾಗಿ ಹಿಡಕೊಳ್ಳಾಕ ಯಾರರೆ ಬೇಕು, ನೀ ಬಾ ತಂಗಿ," ಎಂದಳು. ಆಕೆ ಹೋದ ಮೇಲೆ ಅಂಗಡಿಯ ಬಾಗಿಲು ಹಾಕಿ ಈ ಪತ್ರ ಬರೆಯಲು ಕೂತೆ.

ಇಂತಿ,
ತಮ್ಮ ಆದೇಶ ಬಾರದಿದ್ದರೆ ಅಂದು ಆ ಕೈ ಹಿಡಿಯಬೇಕಾದವಳು,
ಸುಲತಾನಾ
ಬಳೆ ಅಂಗಡಿ, ಜತ್ತ
ನವೆಂಬರ್ ೨೦೦೯