ಸುಳ್ಳಿಗೊಂದು ತೀರ

ಏಪ್ರಿಲ್ 22, ಬೆಳಿಗ್ಗೆ

ಮೂಡಗಾಳಿ, ಮೂರನೇ ದಿನ. ಕಾಫಿಯಲ್ಲಿ ಮರಳು, ಹಲ್ಲುಸೆಟ್ಟಲ್ಲೂ ಮರಳು. ತಾರಿಫಾ ತುಂಬ ಗಾಳಿಪಟದ ಜನ, ಪಟ ಕಟ್ಕೊಂಡು ಅಲೆ ಮೇಲೆ ಜಾರೋರು. ಮೊದಲೆಲ್ಲ ಗಾಳಿ ಹಿಡಿದೋರನ್ನ ಪಾದ್ರಿ ಹತ್ರ ಎಳ್ಕೊಂಡು ಹೋಗ್ತಿದ್ರು. ಇವರು ಗಾಳಿ ಹಿಡಿಯಕ್ಕೇ ವಿಮಾನ ಹತ್ತಿ ಬರ್ತಾರೆ. ಅಲೆಗೋಸ್ಕರ ಅಲೆಯೋ ಅಲೆಮಾರಿಗಳು.

ತಂಗಿ ಮಗಳು ಎಂಕಾರ್ನಾ ಪ್ರವಾಸಿಗರ ವ್ಯಾನ್ ಓಡಿಸ್ತಾಳೆ. ತಾರಿಫಾದಿಂದ ಬಾರ್ಬಾತೆವರೆಗೆ, ಬೀಚಿಗೊಂದು ಸ್ಟಾಪು. ನಾನು ಮುಂದಿನ ಸೀಟು. ಕೆಲಸ — ಹಳೇ ಮೀನುಗಾರ ಆಗಿರೋದು. ನಲವತ್ತು ವರ್ಷ ಟ್ಯೂನಾ ಬಲೆ ಎಳೆದೋನಿಗೆ ಈಗ ಮೀನುಗಾರನ ವೇಷ!

ನಿನ್ನೆ ಬೊಲೋನಿಯಾ ಬೀಚಿನ ಮರಳುದಿಬ್ಬ ತೋರಿಸಿ ಒಬ್ಬ ಡಚ್ಚನಿಗೆ ಹೇಳಿದೆ — ಇದನ್ನ ಪುರಸಭೆಯೋರು ದಿನಾ ಬಾಚ್ತಾರೆ, ಬೈತಲೆ ಎಡಕ್ಕೆ. ಬರ್ಕೊಂಡ. ಪೆದ್ದ.

ಏಪ್ರಿಲ್ 23

ಗಾಳಿಗೆ ಹೆದರಿ ಎಲ್ಲರೂ ಕ್ಯಾನ್ಸಲ್. ಒಬ್ಬನೇ ಬಂದ. ಸಮುದ್ರದ ಆಚೆ ದಡದೋನು, ಲರಾಚೆ ಊರು. ಹೆಸರು ಲಾರ್ಬಿ, ಅರವತ್ತರ ಮೇಲೆ. ನಮಗಿಂತ ಚೆನ್ನಾಗಿ ಸ್ಪ್ಯಾನಿಷ್ ಮಾತಾಡ್ತಾನೆ. ಎಲ್ಲಾ ಬೀಚು, ಎಲ್ಲಾ ಮೀನುಗಾರರ ಊರು ನೋಡಬೇಕಂತೆ. ಬೂಟು ಬಿಚ್ಚಲ್ಲ. ನೀರಂಚಿಗೆ ಹೋಗ್ತಾನೆ, ನಿಲ್ತಾನೆ, ವಾಪಸ್. ಬೈತಲೆ ಜೋಕು ಬಿಟ್ಟೆ. ನಗಲೂ ಇಲ್ಲ, ಬರ್ಕೊಳ್ಳಲೂ ಇಲ್ಲ. ಇಂಥ ಗಿರಾಕಿ ಯಾಕಾದ್ರೂ ಬರ್ತಾವೋ.

ಸಾರಾ ಊರಲ್ಲಿ ಸಾರ್ಡೀನ್ ಮೀನು ತಿನ್ನೋವಾಗ ಎಂಕಾರ್ನಾ ಕೇಳಿದಳು, ಯಾರನ್ನಾದ್ರೂ ಹುಡುಕ್ತಿದೀರಾ ಅಂತ. ಮಗನನ್ನಂತೆ. ಅನ್ವರ್. ಫೆಬ್ರವರಿಯಲ್ಲಿ ಕದ್ದು ಈ ದಡಕ್ಕೆ ಹೊರಟ ರಬ್ಬರ್ ದೋಣಿ, ಹನ್ನೊಂದು ಜನ, ಮೂಡಗಾಳಿ. ಒಬ್ಬರೂ ಸಿಕ್ಕಿಲ್ಲ.

ಅವಳು ಫೋರ್ಕ್ ಕೆಳಗಿಟ್ಟಳು. ನಾನು ತಿಂತಾನೇ ಇದ್ದೆ. ಬಲೆ ಎಳೆದೋನಿಗೆ ಯಾರೂ ಹೇಳ್ಕೊಡಬೇಕಿಲ್ಲ — ಮೂಡಗಾಳಿಗೆ ಅಲ್ಲಿ ಮುಳುಗಿದ್ದು ಪಡುವಣಕ್ಕೇ ಹೋಗತ್ತೆ, ಟ್ರಫಾಲ್ಗರ್ ಭೂಶಿರ ದಾಟಿ ಮಹಾಸಾಗರಕ್ಕೆ. ಯಾವ ತೀರಕ್ಕೂ ಬರಲ್ಲ. ಹೇಳಲಿಲ್ಲ. ಬಾಯಿ ತುಂಬ ಸಾರ್ಡೀನ್ ಇತ್ತು. ಒಳ್ಳೇ ನೆಪ.

ಏಪ್ರಿಲ್ 24

ಇವತ್ತು ಅವನ ಬೆರಳು ನೋಡಿದೆ. ತುದಿಯಲ್ಲಿ ಹುರಿ ಕೊಯ್ದ ಗೆರೆ. ಬಲೆ ಹೊಲಿಯೋನು! ಅಂದ್ರೆ ಅವನಿಗೂ ಗೊತ್ತು. ಸಿಟ್ಟು ಬಂತು. ಮತ್ತೆ ಯಾಕೆ ನಮ್ಮನ್ನ ಬೀಚಿಂದ ಬೀಚಿಗೆ ಎಳೆದಾಡ್ತಾನೆ? ಬೊಲೋನಿಯಾದಲ್ಲಿ ಕೇಳೇ ಬಿಟ್ಟೆ.

"ಗೊತ್ತು," ಅಂದ. "ಅವನ ತಾಯಿಗೆ ಗೊತ್ತಿಲ್ಲ. ಎಲ್ಲಿ ಮಲಗಿಸಿದಾರೆ ಅಂತ ದಿನಾ ಕೇಳ್ತಾಳೆ. ಊಟ ಬಿಟ್ಟಿದಾಳೆ. ನಾನು ಸುಳ್ಳು ಹೇಳಿದ್ರೆ ದನಿಯಲ್ಲೇ ಹಿಡೀತಾಳೆ. ಈ ದಡದಲ್ಲಿ ದೊಡ್ಡ ಸುಳ್ಳ ಯಾರು ಅಂತ ಬಂದರಲ್ಲಿ ಮೂರು ಜನರನ್ನ ಕೇಳ್ದೆ. ಮೂರು ಜನಾನೂ ಬರ್ನಾಬೆ ಅಂದ್ರು. ನೀವೇ ಅವಳಿಗೆ ಹೇಳಿ, ಇಲ್ಲಿ ಮಣ್ಣು ಮಾಡಿದ್ವಿ ಅಂತ."

ಎಪ್ಪತ್ನಾಲ್ಕು ವರ್ಷಕ್ಕೆ ಸಿಕ್ಕಿದ ಬಿರುದು. ಆಗಲ್ಲ ಅಂದೆ. ನಾನು ಆಟಕ್ಕೆ ಸುಳ್ಳು ಹೇಳೋನು, ಕೆಲಸಕ್ಕಲ್ಲ.

ಸಂಜೆ ಎಂಕಾರ್ನಾ ಉಗಿದಳು. "ಮಾಮಾ, ಕೇಳದೇ ಇದ್ದೋರಿಗೆಲ್ಲ ಹಂಚ್ತೀಯ. ಒಬ್ಬ ಕೇಳ್ಕೊಂಡು ಬಂದ್ರೆ ಬಾಗಿಲು ಹಾಕ್ತೀಯ. ಥೂ."

ಏಪ್ರಿಲ್ 26, 11 ಗಂಟೆ

ಗಾಳಿ ನಿಂತಿದೆ. ಹೇಳಿದೆ.

ಅವನು ಫೋನ್ ಹಚ್ಚಿ ಕೈಗೆ ಕೊಟ್ಟು, ದೂರ ಹೋಗಿ ನಿಂತ. ಆಚೆಯಿಂದ ಅವನ ಹೆಂಡತಿ, ರಹ್ಮಾ. ಹಳೇ ಕಾಲದ ಸ್ಪ್ಯಾನಿಷ್, ನಿಧಾನ. ಬೊಲೋನಿಯಾ ಅಂದೆ. ದಿಬ್ಬದ ಹಿಂದೆ ಪೈನ್ ಮರ, ಅದರ ಕೆಳಗೆ. ನಾಲ್ಕು ಜನ ಹೊತ್ವಿ, ಒಬ್ಬ ನಾನು. ನಿಮ್ಮ ಪದ್ಧತಿಯಂತೆ ಮುಖ ಮೂಡಲಿಗೆ ಮಾಡಿದ್ವಿ. ಊರ ಹೆಂಗಸರು ನಿಂತಿದ್ರು. ನಡುವೆ ಒಮ್ಮೆಯೂ ತಡೀಲಿಲ್ಲ ಆಕೆ. ನನ್ನ ಜನ್ಮದಲ್ಲಿ ಇಂಥ ಕೇಳುಗರು ಸಿಕ್ಕಿಲ್ಲ.

ಆಮೇಲೆ ಒಂದೇ ಪ್ರಶ್ನೆ — ಗಡ್ಡ ಬೆಳೆದಿತ್ತಾ?

ನೆನಪಿಲ್ಲ ತಾಯಿ, ಅಂದೆ. ತೂತಿಲ್ಲದ ಬಲೆ ಬಲೆ ಅಲ್ಲ. ಸುಳ್ಳೂ ಅಷ್ಟೇ, ಒಂದೆರಡು ತೂತು ಬಿಡಬೇಕು. ಹಳೇ ಕಸುಬು ಕೈ ಬಿಡಲಿಲ್ಲ. ಥೂ ನನ್ನ.

ಮೇ 19

ಲಾರ್ಬಿ ಫೋನು. ಊಟ ಮಾಡ್ತಾಳಂತೆ.

ಬೊಲೋನಿಯಾದಲ್ಲಿ ಒಬ್ಬಳು ಸ್ವಿಸ್ ಹೆಂಗಸು ಆ ಮರಗಳ ಕಡೆ ಕೈ ತೋರಿಸಿ, ಅಲ್ಲೇನಿದೆ ಅಂದ್ಲು. ಏನೂ ಇಲ್ಲ ಅಂದೆ. ಈ ವರ್ಷ ಹೇಳಿದ ಒಂದೇ ನಿಜ. ನಂಬಲಿಲ್ಲ, ಟಿಪ್ಸೂ ಕೊಡಲಿಲ್ಲ.

ಸೆಪ್ಟೆಂಬರ್ 14

ಮತ್ತೆ ಲಾರ್ಬಿ. ಹೆಂಡತಿಗೆ ವೀಸಾ ಸಿಕ್ಕಿದೆಯಂತೆ. ಹದಿನೆಂಟಕ್ಕೆ ಬರ್ತಾರೆ. ಗೋರಿ ನೋಡಬೇಕಂತೆ.

ಸೆಪ್ಟೆಂಬರ್ 16

ಪೈನ್ ಮರದ ಕೆಳಗೆ ನಾನು, ಎಂಕಾರ್ನಾ, ಒಂದು ಗುದ್ದಲಿ. ಆಳುದ್ದ ಕಲ್ಲು ಜೋಡಿಸಿದ್ವಿ. ಹಳೇದಾಗಿ ಕಾಣಲಿ ಅಂತ ಒಣ ಸೂಜಿ ಎಲೆ ಹರಡಿದ್ವಿ. ಗಾಳಿಪಟದವನೊಬ್ಬ ಬಂದು, ಏನ್ ತಾತ, ಬಾರ್ಬೆಕ್ಯೂನಾ ಅಂದ. ಬೇರೆ ದಿನ ಆಗಿದ್ರೆ ರೋಮ್ ಚಕ್ರವರ್ತಿಯ ಕತ್ತೆ ಹೂತಿದೀವಿ ಅಂತ ಕಳಿಸ್ತಿದ್ದೆ. ಇವತ್ತು ಕಲ್ಲು ಜೋಡಿಸ್ತಾನೇ ಇದ್ದೆ. ನೋಡ್ತಾ ನಿಂತ, ಆಮೇಲೆ ತಾನೇ ಎರಡು ಕಲ್ಲು ತಂದಿಟ್ಟು ಹೋದ. ಇವರನ್ನ ಬೈಯಕ್ಕೂ ಬಿಡಲ್ಲ, ಬಡ್ಡಿಮಕ್ಕಳು.

ಕಲ್ಲು ಇಟ್ಟಾಯ್ತು. ಖಾಲಿ ಅಂತ ಗೊತ್ತು. ಆದ್ರೂ ತುಳಿಯಕ್ಕೆ ಇಬ್ಬರಿಗೂ ಕಾಲು ಬರಲಿಲ್ಲ, ಸುತ್ತಿ ಬಂದ್ವಿ.

ಸೆಪ್ಟೆಂಬರ್ 18, 12 ಗಂಟೆ, ಮರದ ಕೆಳಗೆ

ಒಂಬತ್ತರಿಂದ ಕೂತಿದೀನಿ. ಯಾವ ಕಡೆ ತಲೆ, ಯಾರ್ ಯಾರು ಹೊತ್ರು, ಎಷ್ಟು ಹೊತ್ತಿಗೆ — ಎಲ್ಲಾ ಬಾಯಿಪಾಠ. ಡಚ್ಚರಿಗೆ ಹೇಳೋವಾಗ ಒಂದು ದಿನವೂ ತಯಾರಿ ಮಾಡಿದೋನಲ್ಲ.

ವ್ಯಾನ್ ಬಂತು. ಮೊದಲು ಇಳಿದಿದ್ದು ಆಕೆ. ಕುಳ್ಳು, ಬಿಳೀ ಬಟ್ಟೆ. ಲಾರ್ಬಿ ಕೈ ಹಿಡಿಯಕ್ಕೆ ಹೋದ, ಬಿಡಿಸ್ಕೊಂಡಳು. ಕಲ್ಲಿನ ಕಡೆ ನೋಡ್ತಾನೇ ಇಲ್ಲ. ನನ್ನ ಮುಖಾನೇ ನೋಡ್ಕೊಂಡು ದಿಬ್ಬ ಹತ್ತಿ ಬರ್ತಿದಾಳೆ. ಫೋನಲ್ಲಿ ಮುಖ ಇರಲಿಲ್ಲ. ಏನಾದ್ರೂ ಕೇಳಿದ್ರೆ ನಾನು — ಬಂದೇ ಬಿಟ್ಟಳು, ಪೆನ್ನು ಇಡ್ತೀನಿ.